ಪಾತ್ರೆ ಹೋಗಿ ಪತ್ರೆ ಬಂತು: ಛಂದಸ್ಸಿನ ಗುಂಪಿನ ಏಳನೇ ವಾರ

ಕೊನೆಗೂ ಛಂದಸ್ಸು ಕಲಿಯುವ ನಮ್ಮ ಆನ್‌ಲೈನ್ ಗುಂಪು ಬಾಯಿ ಬಿಟ್ಟಿತು. ಐದು ವಾರ ಸವಾಲು ಹಾಕಿ, ಕಾದು ಕಾದು ಸಾಕಾಗಿತ್ತು.

ಅಕ್ಷರಗಳಿಗೆ ಲಘು (ಒಂದು ಮಾತ್ರೆ, ಅಂದರೆ ಉಚ್ಚಾರದ ಒಂದು ಅಳತೆ), ಗುರು (ಎರಡು ಮಾತ್ರೆ) ಅಂತ ಗುರುತು ಹಾಕೋದು, ಅವನ್ನು ಗಣಗಳಾಗಿ ಗುಂಪು ಮಾಡಿ ಬಿಡಿಸೋದು ನಿಮಗೆ ಗೊತ್ತೇ ಇದೆ. ನನ್ನ ತಲೆನೋವು ಬೇರೆ, ಎಲ್ಲರನ್ನೂ ಮಾತಾಡಿಸೋದು ಹೇಗೆ ಅಂತ. ಮೊದಮೊದಲು ಅವಧಾನದ (ಸಭೆಯಲ್ಲೇ ಕೂತು ಆಶುವಾಗಿ ಪದ್ಯ ಕಟ್ಟುವ ಕಲೆ) ಥರ ಸಮಸ್ಯೆ ಕೊಡುತ್ತಿದ್ದೆ. ಆರು ಸಾಲಿನ ಷಟ್ಪದಿಯ ಕೊನೇ ಸಾಲು ನನ್ನದು, ಮೇಲಿನ ಐದು ನಿಮ್ಮದು. ಇಬ್ಬರು ಪಳಗಿದವರು ಹತ್ತೇ ನಿಮಿಷದಲ್ಲಿ ಹೊಸೆದು ಹಾಕಿಬಿಡುತ್ತಿದ್ದರು. ಉಳಿದವರು ಚಪ್ಪಾಳೆ ಒತ್ತಿ ಸುಮ್ಮನಾಗುತ್ತಿದ್ದರು. ಗಡುವು ಜಾಸ್ತಿ ಮಾಡಿದೆ. ಊಹೂಂ.

ಬಹುಮಾನ ಇಟ್ಟು ನೋಡೋಣ ಅಂತ 40 ಬುಕ್‌ಮಾರ್ಕ್ ಅಚ್ಚು ಹಾಕಿಸಿದೆ. ಯೂನಿಕೋಡ್‌ನಲ್ಲಿ ಕೊಟ್ಟಿದ್ದನ್ನು ಅಂಗಡಿಯವನು ಹಳೇ ಫಾಂಟಿಗೆ ತಿರುಗಿಸಿದ. ಲಘುವಿನ ಗುರುತೆಲ್ಲ ಖಾಲಿ ಚೌಕಗಳಾಗಿ ಬಂದವು. ಬಿಲ್ಲಿನ ಅಂಕಿಗಳು ಮಾತ್ರ ಸರಿಯಾಗೇ ಇದ್ದವು!

ಹೋದ ವಾರ ಉಲ್ಟಾ ಮಾಡಿದೆ. ಕಟ್ಟೋದು ಬೇಡ, ರಿಪೇರಿ ಮಾಡಿ ಅಂದೆ. ಭಾಮಿನಿ ಷಟ್ಪದಿಯ 14 ಮಾತ್ರೆಯ ಒಂದು ಸಾಲು, ಒಂದು ಮಾತ್ರೆ ಕಮ್ಮಿ:

ಬಸ್ಸು ತಪ್ಪಿತು ಮಳೆ ಸುರಿಯಿತು

ಪ್ರಾಸಕ್ಕೆ (ಎಲ್ಲ ಸಾಲುಗಳ ಎರಡನೇ ಅಕ್ಷರ ಹೊಂದೋದು) ವಿನಾಯಿತಿ ಕೊಟ್ಟಿದ್ದೆ. ‘ಬಸ್ಸು’ಗೆ ಪ್ರಾಸ ಹುಡುಕುತ್ತಾ ಕೂತರೆ ಮುಂದಿನ ಬಸ್ಸೂ ತಪ್ಪುತ್ತೆ. ‘ಮಳೆಯು’ ಅಂದರು ಒಬ್ಬರು, 14 ಆಯ್ತು. ‘ಮಳೆಯೂ’ ಅಂದವರದು 15. ಶಿರಸಿ ಕಡೆಯ ಅಕ್ಕ ಒಬ್ಬರು ‘ಸೋನೆ ಸುರಿಯಿತು’ ಅಂದರು. ಸೋನೆ ಎಲ್ಲಾದರೂ ಸುರಿಯುತ್ತಾ, ಹಿಡಿಯೋದಲ್ವಾ ಅಂತ ಇನ್ನೊಬ್ಬರ ತಕರಾರು. ‘ಸೋನೆ ಹಿಡಿಯಿತು’ ಅಂತ ರಾಜಿಯಾಗುವಾಗ ರಾತ್ರಿ ಹನ್ನೊಂದು. ನಾನು ನಡುವೆ ಒಂದು ಮಾತೂ ಆಡಿರಲಿಲ್ಲ.

ಹಾಗಾದರೆ ಮುರಿಯೋದನ್ನೂ ಅವರಿಗೇ ಬಿಡೋಣ ಅನ್ನಿಸಿತು. ಈ ವಾರ ಪ್ರತಿಯೊಬ್ಬರೂ ಒಂದು ಸರಿಯಾದ ಸಾಲು ಬರೆದು, ಅದರಲ್ಲಿ ಒಂದೇ ಮಾತ್ರೆ ಕೆಡಿಸಿ, ಪಟ್ಟಿಯಲ್ಲಿ ಮುಂದಿರುವವರಿಗೆ ಕಳಿಸಬೇಕು. ಹೆಸರು ಹಿಡಿದು ಕಳಿಸಿದ ಮೇಲೆ ಚಪ್ಪಾಳೆ ಒತ್ತಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಹೊಸ ಹುಡುಗನೊಬ್ಬ ‘ಪಾತ್ರೆ ತೊಳೆದೆನು ನೀರು ಮುಗಿಯಿತು’ ಅಂತ ಬರೆದು, ಪಾತ್ರೆಯ ದೀರ್ಘ ತೆಗೆದು ಕಳಿಸಿದ:

ಪತ್ರೆ ತೊಳೆದೆನು ನೀರು ಮುಗಿಯಿತು

ಎರಡು ದಿನ ಯಾರಿಗೂ ತಪ್ಪು ಸಿಗಲಿಲ್ಲ. ಪಳಗಿದವರೂ ಅರ್ಥ ಹುಡುಕುತ್ತಾ ಕೂತರು. ಮೂರನೇ ದಿನ, ಅಲ್ಲಿಯವರೆಗೆ ಒಂದಕ್ಷರವೂ ಬರೆಯದ ಮೇಷ್ಟ್ರೊಬ್ಬರು ಹೇಳಿದರು: “ತಮ್ಮಾ, ಇದು ಕೆಟ್ಟೇ ಇಲ್ಲ. ‘ಪಾ’ ದೀರ್ಘ ಅಂತ ಗುರು, ‘ಪ’ ಮುಂದೆ ಒತ್ತಿದೆ ಅಂತ ಗುರು. ಅಡುಗೆಮನೆಯಿಂದ ದೇವರಮನೆಗೆ ಹೋದರೂ ಮಾತ್ರೆ ಮೂರೇ.”

ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ನಾನು ಮೂರು ಸಲ ಪಾಠ ಮಾಡಿದ್ದೆ. ಒಬ್ಬರ ತಲೆಗೂ ಹೋಗಿರಲಿಲ್ಲ ಅಂತ ಈಗ ಗೊತ್ತಾಯ್ತು. ನಿನ್ನೆಯಿಂದ ಎಲ್ಲರೂ ಇಂಥ ಜೋಡಿ ಹುಡುಕುತ್ತಿದ್ದಾರೆ.

ಮುಂದಿನದು ಕಂದ, ನಾಲ್ಕು ಮಾತ್ರೆಯ ಗಣಗಳ ಪದ್ಯ. ಬೆಸ ಗಣದಲ್ಲಿ ಜಗಣ (ಲಘು-ಗುರು-ಲಘು) ಬರಬಾರದಲ್ವಾ, ಅಲ್ಲೇ ಒಂದನ್ನು ಬಚ್ಚಿಟ್ಟು ‘ಕಳ್ಳ ಜಗಣ’ ಹಿಡಿಸುವ ಆಟ ಮಾಡುತ್ತಿದ್ದೇನೆ. ‘ಗುಲಾಬಿ’ಯನ್ನು ಮೂರನೇ ಗಣಕ್ಕೆ ಈಗಾಗಲೇ ಸೇರಿಸಿಟ್ಟಿದ್ದೇನೆ. ಗುಂಪಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಓದಿಲ್ಲ ಅಂದುಕೊಳ್ಳಿ.