ನಿಂತುಹೋಗಿದ್ದ ಮೋಟರ್‌ಹೋಮ್‌

ಎಂಟು ವರ್ಷ ಒಂದೇ ಕಡೆ ನಿಂತಿದ್ದ ನಮ್ಮ ಮೋಟರ್‌ಹೋಮ್‌ನ, ಅಂದರೆ ಒಳಗೇ ವಾಸಿಸಬಹುದಾದ ಮನೆಯಂತಹ ವಾಹನದ, ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡಿಬಿಡಬೇಕೆಂಬ ಆಸೆಯನ್ನು ಹತ್ತಿಕ್ಕಿಕೊಂಡು ನಾನು ಚಾವಣಿಯಿಂದ ಆರಂಭಿಸಿದೆ. ಇಂತಹ ವಾಹನಗಳನ್ನು ಹೆಚ್ಚಾಗಿ ಹಾಳುಮಾಡುವುದು ಒಳಗೆ ಇಳಿಯುವ ನೀರೇ. ಗಾಳಿಕಿಂಡಿಯ ಸುತ್ತ ನೀರು ಒಳಬರದಂತೆ ಹಚ್ಚಿದ್ದ ಸೀಲಂಟ್ (ಸಂದು ಮುಚ್ಚುವ ಅಂಟು) ಒಣಗಿ ಬಿರುಕುಬಿಟ್ಟಿತ್ತು, ಅದರ ಕೆಳಗಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಪ್ಲೈವುಡ್ ನೆನೆದ ರಟ್ಟಿನಂತೆ ಒಳಗೆ ಕುಸಿಯಿತು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಚೌಕಟ್ಟನ್ನು ಪೂರ್ತಿ ಒಣಗಿಸಿ, ಹೊಸ ಹಲಗೆ ಕೂರಿಸುವಷ್ಟರಲ್ಲಿ ಮೂರು ವಾರಗಳು ಕಳೆದವು.

ಟೈರುಗಳು ನೋಡಲು ಹೊಸದರಂತಿದ್ದರೂ ಪಕ್ಕದಲ್ಲಿ 2311 ಎಂದು ಅಚ್ಚಾಗಿತ್ತು. ಅಂದರೆ ಅವು 2011ರ 23ನೆಯ ವಾರದಲ್ಲಿ ತಯಾರಾದವು. ಎಲ್ಲವನ್ನೂ ಬದಲಿಸಿದೆ. ತುಂಬಿದಾಗ ಸುಮಾರು 12.6 ವೋಲ್ಟ್ ತೋರಿಸಬೇಕಾದ ಬ್ಯಾಟರಿ 9ಕ್ಕೆ ಇಳಿದಿತ್ತು, ಚಾರ್ಜ್ ಮಾಡಿದರೂ ಹಿಡಿದುಕೊಳ್ಳಲಿಲ್ಲ.

ಹಳೆಯ ಡೀಸೆಲ್ ಹೊರಚೆಲ್ಲಿ, ಫಿಲ್ಟರ್ ಮತ್ತು ಎಂಜಿನ್ ಆಯಿಲ್ ಬದಲಿಸಿ, ಮೊದಲು ಸ್ಪ್ಯಾನರ್ ಹಿಡಿದು ಕೈಯಿಂದಲೇ ಎಂಜಿನ್ ತಿರುಗಿಸಿ ನೋಡಿದೆ. ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ ಬ್ರೇಕ್ ಆಯಿಲ್‌ಗೆ ಇರುವುದರಿಂದ ಅದನ್ನೂ ಪೂರ್ತಿಯಾಗಿ ಬದಲಿಸಬೇಕಾಯಿತು. ಹಿಂದಿನ ಎಡಚಕ್ರವಂತೂ ತುಕ್ಕಿನಿಂದ ಜಾಮ್ ಆಗಿ ಒಂದಿಡೀ ದಿನ ಸತಾಯಿಸಿತು. ಒಲೆಯ ಗ್ಯಾಸ್ ಪೈಪನ್ನು ಹೊಸದಾಗಿ ಹಾಕಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಚಿತಪಡಿಸಿಕೊಂಡೆ.

ನಾಲ್ಕನೆಯ ಪ್ರಯತ್ನದಲ್ಲಿ ಎಂಜಿನ್ ಕೆಮ್ಮಿ, ದಟ್ಟ ಬಿಳಿ ಹೊಗೆ ಉಗುಳಿ, ಕೊನೆಗೆ ಒಂದೇ ಲಯಕ್ಕೆ ಬಂದಿತು. ಫ್ರಿಜ್ ಮಾತ್ರ ಇನ್ನೂ ತಣ್ಣಗಾಗುತ್ತಿಲ್ಲ.