ಹಿರಿಯರ ಆಸ್ಪತ್ರೆ ಲೆಕ್ಕ: ಆರನೆಯ ತಿಂಗಳ ಟಿಪ್ಪಣಿ

2036ರ ಹೊತ್ತಿಗೆ ಕರ್ನಾಟಕದ ಹಿರಿಯರು ವರ್ಷಕ್ಕೆ ಒಟ್ಟು ಎಷ್ಟು ದಿನ ಆಸ್ಪತ್ರೆಯಲ್ಲಿ ಒಳರೋಗಿಗಳಾಗಿ ಇರಬೇಕಾದೀತು ಎಂದು ಅಂದಾಜಿಸಲು ಬಿಡುವಿನ ವೇಳೆಯಲ್ಲಿ ಬರೆಯುತ್ತಿರುವ ಪ್ರೋಗ್ರಾಮು ಈ ತಿಂಗಳು ಮೊದಲ ಬಾರಿಗೆ ಎಲ್ಲಿಯೂ ನಿಲ್ಲದೆ ಓಡಿತು. ಕೊಟ್ಟ ಉತ್ತರ ಮಾತ್ರ ತಪ್ಪಾಗಿತ್ತು.

ಇದರಲ್ಲಿ 1 ಲಕ್ಷ ಕಾಲ್ಪನಿಕ ವ್ಯಕ್ತಿಗಳಿದ್ದಾರೆ. ಅವರ ವಯಸ್ಸು 2011ರ ಜನಗಣತಿಯಿಂದಲೂ, ಸಾವಿನ ಸಂಭಾವ್ಯತೆ ಎಸ್‌ಆರ್‌ಎಸ್ (ಜನನ ಮರಣಗಳ ಸರ್ಕಾರಿ ಮಾದರಿ ನೋಂದಣಿ) ಜೀವಿತ ಕೋಷ್ಟಕಗಳಿಂದಲೂ, ಕಾಯಿಲೆಗಳು 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು 2017-18ರಲ್ಲಿ ಮಾತನಾಡಿಸಿದ, ವಯಸ್ಸಾಗುವಿಕೆಯ ರಾಷ್ಟ್ರೀಯ ಅಧ್ಯಯನವಾದ 'ಲಾಸಿ' ಸಮೀಕ್ಷೆಯಿಂದಲೂ ಬಂದಿವೆ. ಉದಾಹರಣೆಗೆ 40,217ನೆಯ ವ್ಯಕ್ತಿ 2011ರಲ್ಲಿ 58 ವರ್ಷದ ಗ್ರಾಮೀಣ ಮಹಿಳೆ. ಬದುಕಿದ್ದಾರೆಯೇ, ಹೊಸ ಕಾಯಿಲೆ ಬಂತೇ, ಆಸ್ಪತ್ರೆಗೆ ಸೇರಿದರೇ ಎಂದು ಪ್ರತಿ ವರ್ಷವೂ ಅವರ ಪಾಲಿಗೆ ಮೂರು ಬಾರಿ ದಾಳ ಉರುಳುತ್ತದೆ. ಈ ಸಲದ ಓಟದಲ್ಲಿ ಅವರಿಗೆ 2019ರಲ್ಲಿ ಬಿಪಿ ಬಂದಿತು, 2031ರಲ್ಲಿ ತೀರಿಕೊಂಡರು.

ಆದರೆ ಆ ಕೊನೆಯ ವರ್ಷ ಅವರು ಒಂದು ದಿನವೂ ಆಸ್ಪತ್ರೆಯಲ್ಲಿರಲಿಲ್ಲ. ಉಳಿದವರನ್ನು ಪರಿಶೀಲಿಸಿದಾಗ, ಸಾಯುವವರು ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲವೆಂದು ತಿಳಿಯಿತು. ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 75ನೆಯ ಸುತ್ತಿನ ಆರೋಗ್ಯ ಸಮೀಕ್ಷೆಯು ಹಿಂದಿನ 365 ದಿನಗಳಲ್ಲಿ ತೀರಿಕೊಂಡ ಮನೆಯ ಸದಸ್ಯರ ವಿವರವನ್ನು ಪ್ರತ್ಯೇಕವಾಗಿ ದಾಖಲಿಸುತ್ತದೆ. ನಾನು ಬದುಕಿರುವವರ ಕಡತವನ್ನಷ್ಟೇ ತೆಗೆದುಕೊಂಡಿದ್ದೆ. ಎರಡನ್ನೂ ಸೇರಿಸಿದ ಮೇಲೆ 80 ದಾಟಿದವರ ಆಸ್ಪತ್ರೆ ದಿನಗಳ ಗೆರೆ ಮೇಲಕ್ಕೆದ್ದಿತು. ವಯಸ್ಸಿಗಿಂತ ಸಾವಿನ ಸಾಮೀಪ್ಯವೇ ಆಸ್ಪತ್ರೆಯ ದಿನಗಳನ್ನು ಹೆಚ್ಚು ನಿರ್ಧರಿಸುತ್ತದೆ ಎಂದು ಓದಿದ್ದರೂ ಕೋಡಿನಲ್ಲಿ ಅದನ್ನು ಮರೆತದ್ದಕ್ಕೆ ನಾಚಿಕೆಯಾಯಿತು. ಆಯುಷ್ಯ ಹೆಚ್ಚಿದಂತೆ ಆ ಕೊನೆಯ ವರ್ಷವೂ ಮುಂದಕ್ಕೆ ಸರಿಯುವುದರಿಂದ, ನಾನು ಮಾಡಿದ್ದಂತೆ ಹಿರಿಯರ ಸಂಖ್ಯೆಯನ್ನು ಆಯಾ ವಯಸ್ಸಿನವರು ಆಸ್ಪತ್ರೆ ಸೇರುವ ಇಂದಿನ ದರದಿಂದ ಗುಣಿಸಿದರೆ 2036ರ ಬೇಡಿಕೆ ಉಬ್ಬಿಯೇ ಕಾಣುತ್ತದೆ. ಹೀಗೆ ನನ್ನ ಹಳೆಯ ಲೆಕ್ಕದಲ್ಲಿ ಒಂದು ತಪ್ಪು ಕೆಳಕ್ಕೂ ಇನ್ನೊಂದು ಮೇಲಕ್ಕೂ ಎಳೆಯುತ್ತಿತ್ತು.

ವಯಸ್ಸಿನ ಅಂಕಿಗಳದು ಬೇರೆಯೇ ತಾಪತ್ರಯ. ಜನಗಣತಿಯಲ್ಲಿ 60, 65, 70ರ ಬಳಿ ಜನ ಗುಂಪುಗಟ್ಟಿರುತ್ತಾರೆ, 61 ಮತ್ತು 69 ಬಡವಾಗಿರುತ್ತವೆ. ನಮ್ಮ ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ಅವರಿಗೆ ನೆನಪಿರುವುದು ರಾಗಿ ಕೊಯ್ಲಿನ ಕಾಲವೆಂಬುದಷ್ಟೆ. ಸದ್ಯಕ್ಕೆ ಐದೈದು ವರ್ಷಗಳ ಗುಂಪು ಮಾಡಿ ಒಳಗೆ ಸಮವಾಗಿ ಹರಡಿದ್ದೇನೆ.

2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ತುಂಬಿದ ಎಲ್ಲರಿಗೂ ವಿಸ್ತರಿಸಲಾಯಿತು. ನನ್ನ ದತ್ತಾಂಶವೆಲ್ಲ ಅದಕ್ಕೂ ಹಿಂದಿನದು. ಖರ್ಚಿಗೆ ಹೆದರಿ ಮನೆಯಲ್ಲೇ ಉಳಿದವರು ಇನ್ನು ಆಸ್ಪತ್ರೆಗೆ ಬಂದರೆ ಆಸ್ಪತ್ರೆ ಸೇರುವವರ ಪ್ರಮಾಣ ಎಷ್ಟು ಏರಬಹುದೆಂಬುದನ್ನು ಕೈಯಿಂದ ಬದಲಿಸಿ ನೋಡುವಂತೆ ಪ್ರತ್ಯೇಕ ಗುಣಾಂಕವೊಂದನ್ನು ಬರೆಯುತ್ತಿದ್ದೇನೆ.