ಕ್ಲಾಕ್ಸ್‌ವಿಕ್‌ನ ಮಳೆ, ಆಮೇಲೆ ಕಾಲ್ಸೊಯ್

"ಇವತ್ತೂ ಕಾಲ್ಸೊಯ್ ದ್ವೀಪಕ್ಕೆ ಫೆರಿ ಇಲ್ಲ ಮಾರಾಯ್ತಿ" ಅಂತ ನಮ್ಮನೆಯವ್ರು ಮೂರನೇ ದಿನ ಬೆಳಿಗ್ಗೆ ಕಿಟಕಿ ಹತ್ರ ನಿಂತು ಹೇಳಿದ್ರು. ಹೊರಗೆ ಮಳೆ ಮೇಲಿಂದ ಬೀಳ್ತಿರ್ಲಿಲ್ಲ, ಪಕ್ಕದಿಂದ ಬರ್ತಿತ್ತು. ಮಲ್ಪೆ ಕಡೆ ಹುಟ್ಟಿ ಬೆಳೆದ ನನಗೆ ಮಳೆ ಹೊಸದಲ್ಲ, ಆದ್ರೆ ಛತ್ರಿ ಅನ್ನೋದೇ ಉಪಯೋಗಕ್ಕೆ ಬರದ ಮಳೆ ನೋಡಿದ್ದು ಉತ್ತರ ಅಟ್ಲಾಂಟಿಕ್‌ನಲ್ಲಿರೋ, ಡೆನ್ಮಾರ್ಕ್‌ಗೆ ಸೇರಿದ ಫ್ಯಾರೋ ದ್ವೀಪಗಳಲ್ಲೇ.

ಮಗಳು ಕೋಪನ್‌ಹೇಗನ್‌ನಲ್ಲಿ ಇರೋದ್ರಿಂದ ಅಲ್ಲಿಂದ ಹೊರಟಿದ್ವಿ. (ಹೋಗೋರಿಗೆ ಒಂದು ಮಾತು, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗೋ ಷೆಂಗೆನ್ ಒಳಗೆ ಫ್ಯಾರೋ ಬರಲ್ಲ, ಡೆನ್ಮಾರ್ಕ್ ವೀಸಾ ಮಾಡಿಸುವಾಗ್ಲೇ ಫ್ಯಾರೋಗೂ ಅಂತ ಬರೆಸಿಕೊಳ್ಳಿ.) ಹದಿನೆಂಟು ದ್ವೀಪ, ಎಲ್ಲಾ ನೋಡೋ ಆಸೆ ನಮಗಿರ್ಲಿಲ್ಲ, ಒಂದು ಊರಲ್ಲಿ ನಾಲ್ಕು ದಿನ ಇದ್ದು, ಸಾಕು ಅನ್ನಿಸಿದ್ಮೇಲೆ ಬಸ್ ಹತ್ತೋದು. ರಾಜಧಾನಿ ತೋರ್ಸ್‌ಹಾವ್ನ್‌ನಿಂದ ಕ್ಲಾಕ್ಸ್‌ವಿಕ್‌ಗೆ ಬರುವಾಗ ಬಸ್ಸು 2020ರಲ್ಲಿ ತೆರೆದ ಸುರಂಗದೊಳಗೆ ಇಳೀತು, ಸುಮಾರು 11 ಕಿಲೋಮೀಟರ್, ಮೇಲೆ ಪೂರ್ತಿ ಸಮುದ್ರ, ಮಧ್ಯೆ ಒಂದು ಸರ್ಕಲ್ ಬೇರೆ! ಆ ಸರ್ಕಲ್ ನಡುವಿನ ಬಂಡೆಕಂಬದ ಸುತ್ತ ಉಕ್ಕಿನಲ್ಲಿ ಕತ್ತರಿಸಿದ ಜನ, ಕೈ ಕೈ ಹಿಡಿದು ನಿಂತಿದ್ದಾರೆ, ಹಿಂದಿನಿಂದ ನೀಲಿ ಬೆಳಕು. ತ್ರೋಂದುರ್ ಪಾತುರ್ಸೋನ್ ಅನ್ನೋ ಅಲ್ಲಿನ ಕಲಾವಿದರ ಕೆಲಸ. ಫ್ಯಾರೋ ಜನ ಹೀಗೇ ಕೈ ಹಿಡ್ಕೊಂಡು ಸುತ್ತು ಹಾಕ್ತಾ ಹಾಡಿಗೆ ಕುಣೀತಾರಂತೆ. ಆ ಕೈಗಳು ನನ್ನ ತಲೇಲಿ ಉಳಿದುಬಿಟ್ವು.

ಫೆರಿ ಇಲ್ಲದ ಮೂರು ದಿನ ನಾವು ಬಂದರು ಸುತ್ತಿದ್ವಿ. ಮೀನಿನ ವಾಸನೆಗೆ ಇವ್ರು ಮೂಗು ಮುಚ್ಕೊಳ್ಳಲಿಲ್ಲ, ನನಗೋ ತವರುಮನೆಗೆ ಬಂದ ಹಾಗಾಯ್ತು. ನಮ್ಮಲ್ಲಿ ಜೂನ್, ಜುಲೈ ಬಂತು ಅಂದ್ರೆ ದೊಡ್ಡ ಬೋಟೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಲ್ಲುತ್ವೆ, ನಾಡದೋಣಿ ಮಾತ್ರ ಹೋಗೋದು. ಇಲ್ಲಿ ಮಳೆಗೆ ಅಂತ ಕಾಲವೇ ಇಲ್ಲ, ವರ್ಷಪೂರ್ತಿ ಮಳೆ, ಆದ್ರಿಂದ ಮೀನುಗಾರಿಕೆನೂ ಅದರ ಜೊತೆಗೇ. ಮೀನು ಒಣಗಿಸೋದೂ ಬೇರೆ ತರ. ನಾವು ಉಪ್ಪು ಹಾಕಿ ಬಿಸಿಲಿಗೆ ಹರಡ್ತೀವಿ, ಇವರಿಗೆ ಬಿಸಿಲೆಲ್ಲಿಂದ ಬರ್ಬೇಕು, ಹಲಗೆ ಹಲಗೆ ನಡುವೆ ಸಂದಿ ಬಿಟ್ಟ ಮರದ ಗುಡಿಸಲಲ್ಲಿ ಮೀನು, ಕುರಿಮಾಂಸ ತೂಗುಹಾಕಿ ಸಮುದ್ರದ ಗಾಳಿಗೆ ಬಿಡ್ತಾರೆ, ಉಪ್ಪೂ ಇಲ್ಲ. ನಾವಿದ್ದ ಮನೆಯ ಅಮ್ಮ ಹಾಗೆ ಹಣ್ಣಾದ ಮೀನು ಬೇಯಿಸಿ ಆಲೂಗಡ್ಡೆ ಜೊತೆ ಕೊಟ್ರು. ಘಾಟು ಜೋರು. ನಾನು ಎರಡನೇ ಸಲ ಹಾಕಿಸಿಕೊಂಡೆ.

ಚರ್ಚಿಗೂ ಹೋಗಿದ್ವಿ, 1963ರಲ್ಲಿ ಕಟ್ಟಿದ್ದು. ಒಳಗೆ ಚಾವಣಿಯಿಂದ ಒಂದು ನಿಜವಾದ ದೋಣಿ ತೂಗಾಡ್ತಿದೆ, ಎಂಟು ಜನ ಹುಟ್ಟು ಹಾಕೋದು, ಹಿಂದೆ ಪಾದ್ರಿ ದ್ವೀಪದಿಂದ ದ್ವೀಪಕ್ಕೆ ಪೂಜೆಗೆ ಹೋಗ್ತಿದ್ದಿದ್ದು ಅದರಲ್ಲೇ ಅಂತೆ. ಎರಡನೇ ಮಹಾಯುದ್ಧದಲ್ಲಿ ಸಮುದ್ರದಲ್ಲಿ ಸತ್ತವರ ನೆನಪಿಗೆ ಕಟ್ಟಿದ ಚರ್ಚದು. ದೋಣಿ ಕೆಳಗೆ ಕೂತಾಗ ನನಗೆ ಅಜ್ಜನ ತಮ್ಮ ನೆನಪಾದ್ರು. ನಾನು ಅವರನ್ನ ನೋಡೇ ಇಲ್ಲ. ಒಂದು ಆಟಿ ತಿಂಗಳಲ್ಲಿ ದೋಣಿ ಮಗುಚಿ ಹೋದವರು ಸಿಗ್ಲೇ ಇಲ್ಲ, ಅಜ್ಜಿ ಪ್ರತಿ ಮಳೆಗಾಲ ಅದನ್ನೇ ಹೇಳ್ತಿದ್ರು.

ನಾಲ್ಕನೇ ದಿನ ಗಾಳಿ ಇಳೀತು. ಕಾಲ್ಸೊಯ್‌ಗೆ ಪುಟ್ಟ ಫೆರಿ, ಬರೀ ಇಪ್ಪತ್ತು ನಿಮಿಷ. ಆ ದ್ವೀಪಕ್ಕೆ ಕೊಳಲು ಅಂತ ಅಡ್ಡಹೆಸರು, ಉದ್ದಕ್ಕೂ ಸುರಂಗಗಳು, ಒಂದೇ ಗಾಡಿ ಹೋಗುವಷ್ಟು, ಕಗ್ಗತ್ತಲು. ಮಿಕ್ಲಾದಾಲುರ್ ಅನ್ನೋ ಹಳ್ಳೀಲಿ ಇಳಿದು ಒದ್ದೆ ಮೆಟ್ಟಿಲು ಹಿಡಿದು ಸಮುದ್ರದ ಹತ್ರ ಹೋದ್ವಿ. ಅಲ್ಲಿ ಬಂಡೆ ಮೇಲೆ ಸೀಲ್ (ಕಡಲಲ್ಲಿ ಬದುಕೋ ಪ್ರಾಣಿ) ಹೆಂಗಸಿನ ಪ್ರತಿಮೆ, 2014ರಲ್ಲಿ ನಿಲ್ಲಿಸಿದ್ದು, ಕೈಯಲ್ಲಿ ತನ್ನ ಚರ್ಮ ಹಿಡ್ಕೊಂಡು ನಿಂತಿದ್ದಾಳೆ. ಕಥೆ ಏನಂದ್ರೆ, ದಡಕ್ಕೆ ಬಂದು ಚರ್ಮ ಕಳಚಿ ಕುಣಿಯೋ ಸೀಲ್‌ಗಳಲ್ಲಿ ಒಬ್ಬಳ ಚರ್ಮ ಕದ್ದು ಈ ಊರಿನ ಹುಡುಗ ಅವಳನ್ನ ಮದುವೆ ಆಗ್ತಾನೆ, ಚರ್ಮ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ, ಬೀಗದ ಕೈ ಸೊಂಟದಲ್ಲೇ ಇಟ್ಕೊಂಡಿರ್ತಾನೆ. ಒಂದಿನ ಮೀನಿಗೆ ಹೋಗುವಾಗ ಅದನ್ನ ಮರೀತಾನೆ, ಅವಳು ಚರ್ಮ ತಗೊಂಡು ಕಡಲಿಗೆ ಹೋಗೇ ಬಿಡ್ತಾಳೆ. ಆಮೇಲೆ ಊರಿನವರು ಅವಳ ಸೀಲ್ ಗಂಡನ್ನ, ಮರಿಗಳನ್ನ ಕೊಂದಾಗ ಶಾಪ ಹಾಕ್ತಾಳೆ: ಸತ್ತವರು ಕೈ ಕೈ ಹಿಡಿದ್ರೆ ಇಡೀ ದ್ವೀಪ ಸುತ್ತುವಷ್ಟು ಗಂಡಸರು ಕಡಲಲ್ಲಿ, ಬಂಡೆಯಿಂದ ಬಿದ್ದು ಸಾಯೋ ತನಕ ಇದು ನಿಲ್ಲಲ್ಲ.

ಸುರಂಗದ ಆ ಕೈಗಳೇ ಕಣ್ಮುಂದೆ ಬಂದ್ವು. ಕುಣಿಯೋಕೆ ಹಿಡಿದ ಕೈ ಅಂದ್ಕೊಂಡಿದ್ದೆ, ಈಗ ನನಗೆ ಹೋದವರ ಕೈಗಳೂ ಅದ್ರಲ್ಲಿ ಸೇರಿಕೊಂಡ್ವು. ಅವರಲ್ಲಿ ಅಜ್ಜನ ತಮ್ಮನೂ ಇದ್ದಾರೆ ಅನ್ನಿಸ್ತು, ಯಾವ ಸಮುದ್ರ ಆದ್ರೇನು.

ಚೀಲದಲ್ಲಿ ಚಹಾಕ್ಕೆ ಅಂತ ಇಟ್ಕೊಂಡಿದ್ದ ಹಾಲಿತ್ತು. ಊರಲ್ಲಿ ಮೀನುಗಾರಿಕೆ ಶುರು ಆಗೋ ಮುಂಚೆ ಸಮುದ್ರಪೂಜೆಗೆ ಹಾಲು ಎರೀತಾರಲ್ಲ, ಹಾಗೆ ಎರೀಬೇಕು ಅನ್ನಿಸ್ತು. "ರೀ, ಸ್ವಲ್ಪ ಹಿಡ್ಕೊಳ್ಳಿ" ಅಂದೆ. ಯಾಕೆ ಏನು ಅಂತ ಕೇಳ್ದೆ ಇವ್ರು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು, ನಾನು ಬಗ್ಗಿ ಹಾಲು ಎರೆದೆ. ಬಿಳಿ ನೊರೆಯಲ್ಲಿ ಅದು ಕಾಣಿಸಲೂ ಇಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು, ಮಳೆ ಮತ್ತೆ ಶುರುವಾಯ್ತು, ನಾವು ಅಲ್ಲೇ ನಿಂತಿದ್ವಿ.